ತಾಯಿಹಲಗೆಗೆ ಎಷ್ಟು ಕೊಡಬೇಕು?



ಮಳವಳ್ಳಿಯಿಂದ ಒಬ್ಬ ತಾಯಿ ಮಂಡ್ಯಕ್ಕೆ ಬಂದವರು ನಮ್ಮ ಮನೆಗೂ ಬಂದಿದ್ದರು. ಅವರ ಮಗ ಹಿಂದೆ ನನ್ನ ಬಳಿ ಓದಿದ ಹುಡುಗ. ಈಗ ಕಾಲೇಜಿನಲ್ಲಿದ್ದಾನೆ. ಚಹಾ ಕುಡಿದು ಲೋಟ ಕೆಳಗಿಟ್ಟ ಮೇಲೆ ಅವರು ಪರ್ಸಿನಿಂದ ನಾಲ್ಕಾಗಿ ಮಡಚಿದ ಕಾಗದವೊಂದನ್ನು ತೆಗೆದು ನನ್ನ ಮುಂದೆ ಹಿಡಿದರು. ಮಗ ಬರೆದುಕೊಟ್ಟ ಪಟ್ಟಿ ಅದು. ಗೇಮಿಂಗ್ ಕಂಪ್ಯೂಟರಿಗೆ ಬೇಕಾದ ಬಿಡಿಭಾಗಗಳ ಹೆಸರು, ಮುಂದೆ ಬೆಲೆ, ಕೊನೆಯಲ್ಲಿ ಒಟ್ಟು ಮೊತ್ತ. 1,80,000 ರೂಪಾಯಿ!

ಆ ಹಣ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಶಾಲೆ ತೆರೆಯುವ ತಿಂಗಳಲ್ಲಿ ರಾತ್ರಿ ಒಂದು ಗಂಟೆಯವರೆಗೂ ಅವರ ಮನೆಯಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತದೆ ಎಂದು ಊರವರೆಲ್ಲ ಹೇಳುತ್ತಾರೆ. ಓಣಿಯ ಹೆಂಗಸರು ಸೇರಿ ನಡೆಸುವ ಚೀಟಿಯಲ್ಲಿ ನಾಲ್ಕು ವರ್ಷದಿಂದ ಕಟ್ಟಿದ ಹಣ ಅದು.

ಅವರು ಪಟ್ಟಿಯ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು. “ಇದೇನು, ಮದರ್‌ಬೋರ್ಡ್? ಇದೊಂದಕ್ಕೇ 45 ಸಾವಿರ ಅಂತೆ. ಇದು ಒಳಗಿರುತ್ತದೆ, ಕಾಣುವುದಿಲ್ಲ, ಆಟ ಆಡಿಸುವುದೂ ಇದಲ್ಲವಂತೆ. ಹಾಗಾದರೆ ಇಷ್ಟು ಹಣ ಯಾಕೆ ಅಂದರೆ ‘ನಿಮಗೆ ಗೊತ್ತಾಗಲ್ಲ ಬಿಡಮ್ಮಿ’ ಅನ್ನುತ್ತಾನೆ.”

ಸಹೋದರಿಯರೇ, ಹಣ ಹೆಚ್ಚಾಯಿತೆಂಬುದಕ್ಕಿಂತ ‘ನಿಮಗೆ ಗೊತ್ತಾಗಲ್ಲ’ ಎಂಬ ಮಾತೇ ಅವರನ್ನು ನೋಯಿಸಿತ್ತು. ಈ ಮಾತನ್ನು ನಮ್ಮಲ್ಲಿ ಕೇಳದ ತಾಯಂದಿರು ಯಾರಿದ್ದಾರೆ ಹೇಳಿ? ಆದರೆ ಸಂತೆಯಲ್ಲಿ ಬದನೆಕಾಯಿಯನ್ನೂ ತಿರುಗಿಸಿ ನೋಡಿ ಕೊಳ್ಳುವವರು ನಾವು. 45 ಸಾವಿರದ ವಸ್ತುವನ್ನು ತಿರುಗಿಸಿ ನೋಡದೆ ಹಣ ಕೊಡಬೇಕೇ? ಅದಕ್ಕೇ ಈ ಸಲದ ಅಂಕಣವನ್ನು ಆ ಒಂದು ಸಾಲಿಗೇ ಮೀಸಲಿಡುತ್ತಿದ್ದೇನೆ. ಕೊನೆಯವರೆಗೆ ಓದಿ. ಮಗನೋ ಮಗಳೋ ಇಂಥದೊಂದು ಪಟ್ಟಿ ತಂದಾಗ ನೀವು ಕೇಳಬಹುದಾದ ಪ್ರಶ್ನೆಗಳು ಇಲ್ಲಿವೆ.

ಅಡಿಗೆ ಮನೆ ಮತ್ತು ಒಲೆ

ಮದರ್‌ಬೋರ್ಡ್ ಎಂದರೆ ಕಂಪ್ಯೂಟರಿನ ಡಬ್ಬದೊಳಗೆ ಗೋಡೆಗೆ ಒರಗಿಸಿದಂತೆ ಕೂರುವ ದೊಡ್ಡ ಹಲಗೆ. ‘ತಾಯಿಹಲಗೆ’ ಎನ್ನೋಣ. ಲೆಕ್ಕ ಮಾಡುವ ಪ್ರೊಸೆಸರ್, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್, ಮೆಮೊರಿ, ಕಡತಗಳನ್ನು ಇಡುವ ಎಸ್ಎಸ್‌ಡಿ, ಎಲ್ಲವೂ ಈ ಹಲಗೆಗೇ ಚುಚ್ಚಿಕೊಳ್ಳುತ್ತವೆ. ಅವುಗಳಿಗೆ ವಿದ್ಯುತ್ ಹಂಚುವುದು, ಒಂದರ ಮಾತನ್ನು ಇನ್ನೊಂದಕ್ಕೆ ಮುಟ್ಟಿಸುವುದು ಇದರ ಕೆಲಸ.

ಅಡಿಗೆ ಮನೆಯನ್ನೇ ನೆನೆಯಿರಿ. ಬಿರಿಯಾನಿಯ ರುಚಿ ಅಕ್ಕಿ, ಮಾಂಸ, ಮಸಾಲೆ ಮತ್ತು ಬೇಯಿಸುವ ಕೈಯಿಂದ ಬರುತ್ತದೆ. ಅಡಿಗೆ ಮನೆಯ ಗೋಡೆಗೆ ಗ್ರಾನೈಟ್ ಹಾಕಿಸಿದರೆ ರುಚಿ ಹೆಚ್ಚುವುದಿಲ್ಲ. ಆದರೆ ಅಡಿಗೆ ಮನೆಯಲ್ಲಿ ನೀರು ಬಾರದಿದ್ದರೆ, ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಎಂಥ ಕೈಯೂ ಸೋಲುತ್ತದೆ. ಮದರ್‌ಬೋರ್ಡ್ ಕೂಡ ಹೀಗೆಯೇ. ಒಂದೇ ಪ್ರೊಸೆಸರ್, ಒಂದೇ ಗ್ರಾಫಿಕ್ಸ್ ಕಾರ್ಡನ್ನು 18 ಸಾವಿರದ ಒಳ್ಳೆಯ ಹಲಗೆಗೂ 45 ಸಾವಿರದ ಹಲಗೆಗೂ ಹಾಕಿ ಆಟ ಆಡಿದರೆ ವೇಗದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಇರುವುದಿಲ್ಲ. ಆಟದ ವೇಗ ಮುಖ್ಯವಾಗಿ ಗ್ರಾಫಿಕ್ಸ್ ಕಾರ್ಡಿನದು, ನಂತರ ಪ್ರೊಸೆಸರಿನದು.

ಹಾಗಾದರೆ ದುಬಾರಿ ಹಲಗೆಯಲ್ಲಿ ಇರುವುದೇನು? ಹೆಚ್ಚು ಎಸ್ಎಸ್‌ಡಿ ಜಾಗ, ವೇಗದ ಯುಎಸ್‌ಬಿ ಕಿಂಡಿಗಳು, ದಪ್ಪ ಲೋಹದ ಕವಚ, ಬಣ್ಣದ ದೀಪಗಳು, ಒಂದಿಷ್ಟು ಹೆಸರು. ಅವು ಬೇಕಾದವರಿಗೆ ಬೇಕು. ನಿಮ್ಮ ಮನೆಗೆ ಬೇಕೇ ಎಂಬುದೇ ಪ್ರಶ್ನೆ.

ಹಾಗೆಂದು ತೀರಾ ಅಗ್ಗದ್ದನ್ನು ಕೊಳ್ಳಿ ಎನ್ನುತ್ತಿಲ್ಲ. ಗ್ರಾಫಿಕ್ಸ್ ಕಾರ್ಡ್ ಕೆಟ್ಟರೆ ಬಿಚ್ಚಿ ಕಳಿಸಬಹುದು. ಮೆಮೊರಿ ಕೆಟ್ಟರೆ ಎರಡು ನಿಮಿಷದಲ್ಲಿ ಬದಲಿಸಬಹುದು. ಹಲಗೆ ಕೆಟ್ಟರೆ ಇಡೀ ಕಂಪ್ಯೂಟರನ್ನೇ ಕಳಚಬೇಕು. ಆದ್ದರಿಂದ ಇಲ್ಲಿ ಜಿಪುಣತನವೂ ಬೇಡ, ದುಂದೂ ಬೇಡ.

ಮೊದಲ ಪ್ರಶ್ನೆ: ಯಾವ ಸಾಕೆಟ್, ಎಷ್ಟು ವರ್ಷ?

ಪ್ರೊಸೆಸರ್ ಕೂರುವ ಚೌಕದ ಜಾಗಕ್ಕೆ ಸಾಕೆಟ್ ಎನ್ನುತ್ತಾರೆ. ಬೀಗ ಮತ್ತು ಕೀಲಿಯಂತೆ ಇವು ಒಂದಕ್ಕೊಂದು ಹೊಂದಲೇಬೇಕು. ಪ್ರೊಸೆಸರ್ ತಯಾರಿಸುವ ದೊಡ್ಡ ಕಂಪೆನಿಗಳು ಎರಡು, ಇಂಟೆಲ್ ಮತ್ತು ಎಎಂಡಿ. ಒಂದರ ಕೀಲಿ ಇನ್ನೊಂದರ ಬೀಗಕ್ಕೆ ಆಗದು. ಒಂದೇ ಕಂಪೆನಿಯ ಹಳೆಯ ಬೀಗಕ್ಕೆ ಅದರದೇ ಹೊಸ ಕೀಲಿ ಆಗದಿರುವುದೂ ಉಂಟು.

ಇಲ್ಲಿ ಹಣದ ವಿಷಯ ಅಡಗಿದೆ. ಎಎಂಡಿಯ ಎಎಂ4 ಎಂಬ ಸಾಕೆಟ್‌ಗೆ ರೈಝೆನ್ ಪ್ರೊಸೆಸರ್‌ಗಳು ಬಂದದ್ದು 2017ರಲ್ಲಿ. ಆಗ ಕೊಂಡ ಹಲವು ಹಲಗೆಗಳಿಗೆ 2022ರಲ್ಲಿ ಬಂದ ಪ್ರೊಸೆಸರನ್ನೂ ಹಾಕಲು ಸಾಧ್ಯವಾಯಿತು. ಐದು ವರ್ಷದ ಬಳಿಕ ಪ್ರೊಸೆಸರ್ ಒಂದನ್ನೇ ಬದಲಿಸಿ ಕಂಪ್ಯೂಟರನ್ನು ಹೊಸದು ಮಾಡಿಕೊಂಡವರು ಎಷ್ಟೋ ಮಂದಿ. ನಂತರದ ಎಎಂ5 ಸಾಕೆಟ್ 2022ರ ಸೆಪ್ಟೆಂಬರಿನಲ್ಲಿ ಬಂತು. ಅದನ್ನು 2027 ಹಾಗೂ ಅದರಾಚೆಗೂ ಮುಂದುವರಿಸುವುದಾಗಿ ಕಂಪೆನಿ 2024ರಲ್ಲಿ ಹೇಳಿತು. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 2021ರಲ್ಲಿ ಬಂದು ಹನ್ನೆರಡು, ಹದಿಮೂರು, ಹದಿನಾಲ್ಕನೇ ಪೀಳಿಗೆಯ ಪ್ರೊಸೆಸರ್‌ಗಳಿಗೆ ಆಸರೆಯಾಯಿತು. 2024ರ ಅಕ್ಟೋಬರಿನಲ್ಲಿ ಕೋರ್ ಅಲ್ಟ್ರಾ ಬಂದಾಗ ಸಾಕೆಟ್ ಎಲ್‌ಜಿಎ 1851 ಆಯಿತು. ಹಳೆಯ ಹಲಗೆಗೆ ಅದು ಕೂರದು.

ಆದ್ದರಿಂದ ಮಗನನ್ನು ಹೀಗೆ ಕೇಳಿ: “ಮೂರು ನಾಲ್ಕು ವರ್ಷದ ಮೇಲೆ ಹೊಸ ಪ್ರೊಸೆಸರ್ ಬೇಕೆಂದರೆ ಇದೇ ಹಲಗೆಗೆ ಹಾಕಬಹುದೇ?” ‘ಹೌದು’ ಎಂದರೆ ಹಲಗೆಗೆ ಕೊಟ್ಟ ಹಣ ಇನ್ನೊಮ್ಮೆ ಉಪಯೋಗಕ್ಕೆ ಬರುತ್ತದೆ. ‘ಇಲ್ಲ’ ಎಂದರೂ ತಪ್ಪಲ್ಲ, ಆದರೆ ಆಗ ಹಲಗೆಗೆ ಹೆಚ್ಚು ಹಣ ಸುರಿಯುವುದರಲ್ಲಿ ಅರ್ಥವಿಲ್ಲ.

ಇದಕ್ಕೇ ಅಂಟಿಕೊಂಡ ಇನ್ನೊಂದು ಎಚ್ಚರಿಕೆ. ಇಲ್ಲಿ ಮಂಡ್ಯದಲ್ಲಿ ನಮ್ಮ ಪಕ್ಕದ ಬೀದಿಯ ಹುಡುಗನೊಬ್ಬ ಹೊಸ ಪ್ರೊಸೆಸರ್ ಮತ್ತು ಅಂಗಡಿಯಲ್ಲಿ ಬಹಳ ದಿನದಿಂದ ಕುಳಿತಿದ್ದ ಹಲಗೆ ತಂದ. ಸಾಕೆಟ್ ಹೊಂದುತ್ತಿತ್ತು. ಆದರೂ ಪರದೆ ಕಪ್ಪಾಗಿಯೇ ಉಳಿಯಿತು. ಎರಡು ಸಲ ಬೆಂಗಳೂರಿಗೆ ಓಡಾಡಿದ ಮೇಲೆ ತಿಳಿದದ್ದು ಇಷ್ಟೆ: ಹಲಗೆಯೊಳಗೆ ‘ಬಯಾಸ್’ ಎಂಬ ಪುಟ್ಟ ತಂತ್ರಾಂಶ ಇರುತ್ತದೆ. ಅದು ಹಳೆಯದಾಗಿದ್ದರಿಂದ ಹೊಸ ಪ್ರೊಸೆಸರಿನ ಗುರುತು ಅದಕ್ಕೆ ಸಿಗಲಿಲ್ಲ. ಈಗ ಅನೇಕ ಹಲಗೆಗಳ ಹಿಂಬದಿಯಲ್ಲಿ ‘ಬಯಾಸ್ ಫ್ಲ್ಯಾಶ್‌ಬ್ಯಾಕ್’ ಎಂಬ ಗುಂಡಿ ಇರುತ್ತದೆ. ಪೆನ್‌ಡ್ರೈವ್ ಸಿಕ್ಕಿಸಿ ಗುಂಡಿ ಒತ್ತಿದರೆ ಪ್ರೊಸೆಸರ್ ಗುರುತು ಸಿಗದಿದ್ದರೂ ಆ ತಂತ್ರಾಂಶ ಹೊಸದಾಗುತ್ತದೆ. ಬಣ್ಣದ ದೀಪಕ್ಕಿಂತ ಈ ಗುಂಡಿ ನೂರು ಪಾಲು ಮೇಲು. ಪಟ್ಟಿಯಲ್ಲಿರುವ ಹಲಗೆಗೆ ಅದಿದೆಯೇ ಎಂದು ಕೇಳಿ.

ಈ ತಂತ್ರಾಂಶಕ್ಕೆ ಕಂಪೆನಿ ಎಷ್ಟು ವರ್ಷ ತಿದ್ದುಪಡಿ ಕೊಡುತ್ತದೆ ಎಂಬುದೂ ಸಣ್ಣ ವಿಷಯವಲ್ಲ. 2024ರಲ್ಲಿ ಇಂಟೆಲ್‌ನ ಹದಿಮೂರು, ಹದಿನಾಲ್ಕನೇ ಪೀಳಿಗೆಯ ಕೆಲವು ಪ್ರೊಸೆಸರ್‌ಗಳು ಅತಿಯಾದ ವೋಲ್ಟೇಜಿನಿಂದ ಹಾಳಾಗುತ್ತಿವೆ ಎಂಬುದು ಬೆಳಕಿಗೆ ಬಂತು. ಇಂಟೆಲ್ ಅವುಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಅದರ ಪರಿಹಾರ ಬಳಕೆದಾರರಿಗೆ ತಲುಪಿದ್ದು ಮದರ್‌ಬೋರ್ಡ್ ಕಂಪೆನಿಗಳು ಕೊಟ್ಟ ಹೊಸ ಬಯಾಸ್ ಮೂಲಕ.

ಎರಡನೇ ಪ್ರಶ್ನೆ: ಯಾವ ಮೆಮೊರಿ, ಎಷ್ಟು ತುಂಡು?

ಮೆಮೊರಿ ಎಂದರೆ ಪಟ್ಟಿಯಂಥ ತುಂಡುಗಳು. ಡಿಡಿಆರ್4 ಹಳೆಯದು, ಡಿಡಿಆರ್5 ಹೊಸದು. ಎರಡರ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದನ್ನು ಇನ್ನೊಂದರ ಜಾಗದಲ್ಲಿ ಕೂರಿಸಲಾಗದು. ಎಎಂ5 ಹಲಗೆಗಳು ಡಿಡಿಆರ್5 ಮಾತ್ರ ಕೇಳುತ್ತವೆ. ಎಲ್‌ಜಿಎ 1700 ಹಲಗೆಗಳಲ್ಲಿ ಎರಡೂ ಬಗೆಯವು ಇವೆ, ಹೆಸರು ಬಹುತೇಕ ಒಂದೇ ಇರುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಓದಿಯೇ ಕೊಳ್ಳಬೇಕು.

ಇದು ಈಗ ಯಾಕೆ ಮುಖ್ಯವೆಂದರೆ, 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಪ್ರಪಂಚದಾದ್ಯಂತ ದುಪ್ಪಟ್ಟಿಗೂ ಮೀರಿ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಇರುವ ಚಿಪ್ಪುಗಳನ್ನೆಲ್ಲ ಬಾಚಿಕೊಳ್ಳತೊಡಗಿದ್ದು ಕಾರಣ. ಮೈಕ್ರಾನ್ ಕಂಪೆನಿಯು ಕ್ರೂಷಿಯಲ್ ಎಂಬ ಹೆಸರಿನಲ್ಲಿ ನಮ್ಮಂಥವರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ಬಿಡುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಆದ್ದರಿಂದ ಹಳೆಯ ವಿಡಿಯೋ ನೋಡಿ ಬರೆದ ಮೆಮೊರಿ ಬೆಲೆಯನ್ನು ನಂಬಬೇಡಿ. ಆ ದಿನದ ಬೆಲೆ ಕೇಳಿ. ಹಲಗೆಯಲ್ಲಿ ಉಳಿಸಿದ ಹಣ ಇಲ್ಲಿಗೆ ಬೇಕಾದೀತು.

ಹಲಗೆಯಲ್ಲಿ ನಾಲ್ಕು ಜಾಗ ಇದ್ದರೂ ಡಿಡಿಆರ್5 ಆದರೆ ಎರಡೇ ತುಂಡು ಹಾಕುವುದು ಒಳ್ಳೆಯದು. ನಾಲ್ಕೂ ತುಂಬಿದರೆ ಅನೇಕ ಸಲ ವೇಗ ತಗ್ಗಿಸಬೇಕಾಗುತ್ತದೆ. ಎರಡು ತುಂಡನ್ನು ಯಾವ ಜಾಗಕ್ಕೆ ಹಾಕಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತದೆ. ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು.

ಮೂರನೇ ಪ್ರಶ್ನೆ: ವಿದ್ಯುತ್ತನ್ನು ಇಳಿಸುವ ಶಕ್ತಿ ಎಷ್ಟು?

ಮಳವಳ್ಳಿ ತಾಲೂಕಿನವರಿಗೆ ವಿದ್ಯುತ್ತಿನ ಕಥೆ ಹೇಳಬೇಕಾಗಿಲ್ಲ. ಶಿವನಸಮುದ್ರದ ಜಲಪಾತದಿಂದ ಹುಟ್ಟಿದ ವಿದ್ಯುತ್ 1902ರಲ್ಲಿ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಗಿ ಬೆಳಗಿತು. ಅಷ್ಟು ದೂರ ಹೋಗಬೇಕಾದರೆ ವೋಲ್ಟೇಜ್ ಏರಿಸಬೇಕು, ಮನೆ ಹತ್ತಿರ ಬಂದಾಗ ಇಳಿಸಬೇಕು. ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಮಾಡುವುದು ಇಳಿಸುವ ಕೆಲಸವನ್ನೇ. ಅದು ದುರ್ಬಲವಾದರೆ ಸಂಜೆ ಎಲ್ಲರೂ ಮಿಕ್ಸಿ ಹಾಕಿದಾಗ ಬಲ್ಬು ಮಂಕಾಗುತ್ತದೆ.

ಮದರ್‌ಬೋರ್ಡಿನಲ್ಲಿಯೂ ಅಂಥ ಒಂದು ಭಾಗ ಇದೆ. ವಿಆರ್‌ಎಂ ಎಂದು ಅದರ ಹೆಸರು. ಪವರ್ ಸಪ್ಲೈಯಿಂದ ಬರುವ 12 ವೋಲ್ಟನ್ನು ಅದು ಪ್ರೊಸೆಸರಿಗೆ ಬೇಕಾದ ಒಂದೂ ಚಿಲ್ಲರೆ ವೋಲ್ಟಿಗೆ ಇಳಿಸುತ್ತದೆ. ಪ್ರೊಸೆಸರ್ 120 ವ್ಯಾಟ್ ಕೇಳಿತೆನ್ನಿ, ವೋಲ್ಟೇಜ್ 1.2 ಎನ್ನಿ. ಭಾಗಿಸಿ ನೋಡಿ, 100 ಆಂಪಿಯರ್! ಅಂಗೈಯಗಲದ ಜಾಗದಲ್ಲಿ ಇಷ್ಟು ಕರೆಂಟ್ ಹರಿಯುವಾಗ ಬಿಸಿಯಾಗದೆ ಇರುತ್ತದೆಯೇ? ಅದಕ್ಕೇ ಅದರ ಮೇಲೆ ಲೋಹದ ಕವಚ ಬೇಕು. ಕವಚವೇ ಇಲ್ಲದ ತೀರಾ ಅಗ್ಗದ ಹಲಗೆಗೆ ದೊಡ್ಡ ಪ್ರೊಸೆಸರ್ ಹಾಕಿದರೆ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದು ಕಾದು ಪ್ರೊಸೆಸರಿನ ವೇಗವನ್ನೇ ಕಡಿತ ಮಾಡುತ್ತದೆ.

ಜಾಹೀರಾತುಗಳಲ್ಲಿ ‘ಹದಿನೆಂಟು ಫೇಸ್’, ‘ಇಪ್ಪತ್ತು ಫೇಸ್’ ಎಂದು ಬರೆದಿರುತ್ತದೆ. ಅದು ಈ ಭಾಗದ ಲೆಕ್ಕವೇ. ಸಂಖ್ಯೆ ದೊಡ್ಡದಾದಷ್ಟೂ ನಮ್ಮ ಮನೆಗೆ ಒಳ್ಳೆಯದು ಎಂದೇನಿಲ್ಲ. ಆಟಕ್ಕೆಂದೇ ಹೆಸರಾದ ಎಎಂಡಿಯ ರೈಝೆನ್ 7 9800ಎಕ್ಸ್3ಡಿ ಪ್ರೊಸೆಸರ್ 2024ರ ನವೆಂಬರಿನಲ್ಲಿ ಬಂತು. ಅದರ ಲೆಕ್ಕ 120 ವ್ಯಾಟ್. ಇದಕ್ಕೆ ಬಿ650 ಅಥವಾ ಬಿ850 ವರ್ಗದ, ಲೋಹದ ಕವಚ ಇರುವ ಮಧ್ಯಮ ಬೆಲೆಯ ಹಲಗೆ ಸಾಕು. ಹಗಲಿರುಳು ಅನಿಮೇಷನ್, ವಿಡಿಯೋ ಕೆಲಸ ಮಾಡುವ ಹದಿನಾರು ಕೋರಿನ ಪ್ರೊಸೆಸರ್ ಆದರೆ ಅದಕ್ಕಿಂತ ಬಲವಾದದ್ದು ಬೇಕಾದೀತು.

ಹಲಗೆಯ ಹೆಸರಿನ ಮೊದಲ ಅಕ್ಷರವೂ ಒಂದು ಸುಳಿವು. ಎಎಂಡಿಯಲ್ಲಿ ‘ಎ’ ಅಗ್ಗ, ‘ಬಿ’ ಮಧ್ಯಮ, ‘ಎಕ್ಸ್’ ದುಬಾರಿ. ಇಂಟೆಲ್‌ನಲ್ಲಿ ‘ಎಚ್’ ಅಗ್ಗ, ‘ಬಿ’ ಮಧ್ಯಮ, ‘ಝಡ್’ ದುಬಾರಿ. ಇಂಟೆಲ್‌ನ ಪ್ರೊಸೆಸರನ್ನು ಕಂಪೆನಿ ಹೇಳಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸಬೇಕೆನ್ನುವವರಿಗೆ ಮಾತ್ರ ‘ಝಡ್’ ಅನಿವಾರ್ಯ. ಮನೆಗಳಿಗೆ ಹೆಚ್ಚಾಗಿ ‘ಬಿ’ ಸಾಕು.

ನಾಲ್ಕನೇ ಪ್ರಶ್ನೆ: ನಾಲೆಯ ನೀರು ಯಾರಿಗೆ ಎಷ್ಟು?

ಇದು ಸ್ವಲ್ಪ ಕಠಿಣ ವಿಷಯ. ಆದರೆ ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥವಾಗುತ್ತದೆ.

ಕನ್ನಂಬಾಡಿಯಿಂದ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹೊರಡುತ್ತದೆ. ಮಂಡ್ಯದ ಗದ್ದೆಗಳಿಗೆ ಹರಿದು, ತೂಬುಗಳಲ್ಲಿ ಹಂಚಿಕೊಂಡು, ಮದ್ದೂರು, ಮಳವಳ್ಳಿಯ ಕೊನೆಭಾಗಕ್ಕೆ ಬರಬೇಕು. ಮೇಲಿನವರು ಹೆಚ್ಚು ತೂಬು ತೆರೆದರೆ ಕೊನೆಭಾಗದ ರೈತನಿಗೆ ನೀರಿಲ್ಲ. ಕಾಗದದ ಮೇಲೆ ಅವನ ಗದ್ದೆಯೂ ಅಚ್ಚುಕಟ್ಟಿನಲ್ಲೇ ಇರುತ್ತದೆ!

ಪ್ರೊಸೆಸರಿನಿಂದ ಹೊರಡುವ ದತ್ತಾಂಶದ ಕಾಲುವೆಗಳಿಗೆ ‘ಲೇನ್’ ಎನ್ನುತ್ತಾರೆ. ಎಎಂ5ರ ಸಾಮಾನ್ಯ ರೈಝೆನ್ ಪ್ರೊಸೆಸರಿನಲ್ಲಿ ಇಂಥ 28 ಲೇನ್‌ಗಳು. ಗ್ರಾಫಿಕ್ಸ್ ಕಾರ್ಡಿಗೆ 16, ಎಸ್ಎಸ್‌ಡಿ ಮೊದಲಾದವಕ್ಕೆ ನಾಲ್ಕು ನಾಲ್ಕರಂತೆ 8, ಚಿಪ್‌ಸೆಟ್ ಎಂಬ ಉಪನಾಲೆಗೆ 4. ಯುಎಸ್‌ಬಿ, ನೆಟ್‌ವರ್ಕ್, ಹೆಚ್ಚಿನ ಎಸ್ಎಸ್‌ಡಿ ಎಲ್ಲವೂ ಆ ಉಪನಾಲೆಯನ್ನೇ ಹಂಚಿಕೊಳ್ಳುತ್ತವೆ. ಹಲಗೆಯ ಬೆಲೆ ಎಷ್ಟೇ ಇರಲಿ, ಪ್ರೊಸೆಸರಿನಿಂದ ಹೊರಡುವ ನೀರು ಅಷ್ಟೇ. ದುಬಾರಿ ಹಲಗೆ ತೂಬುಗಳನ್ನು ಹೆಚ್ಚಿಸುತ್ತದೆ, ಅಣೆಕಟ್ಟನ್ನಲ್ಲ.

ಆದ್ದರಿಂದಲೇ ನಾಲ್ಕೈದು ಎಸ್ಎಸ್‌ಡಿ ಜಾಗ ಇರುವ ಕೆಲವು ಹಲಗೆಗಳಲ್ಲಿ ಒಂದು ನಿರ್ದಿಷ್ಟ ಜಾಗ ತುಂಬಿದೊಡನೆ ಗ್ರಾಫಿಕ್ಸ್ ಕಾರ್ಡಿನ 16 ಲೇನ್ 8ಕ್ಕೆ ಇಳಿಯುತ್ತದೆ. ಇನ್ನು ಕೆಲವದರಲ್ಲಿ ಹಳೆಯ ಹಾರ್ಡ್‌ಡಿಸ್ಕಿನ ಕಿಂಡಿ ಮುಚ್ಚಿಹೋಗುತ್ತದೆ. ಇದರಿಂದ ಆಟ ನಿಂತುಹೋಗುವುದಿಲ್ಲ, ವೇಗದಲ್ಲಿ ಬೀಳುವ ಪೆಟ್ಟೂ ಹೆಚ್ಚಾಗಿ ಚಿಕ್ಕದೇ. ಆದರೆ ‘ಐದು ಜಾಗ ಇದೆ’ ಎಂದು ಹೆಚ್ಚು ಹಣ ಕೊಡುವವರು ಅದನ್ನು ತಿಳಿದು ಕೊಡಬೇಕು. ಕೈಪಿಡಿಯಲ್ಲಿ ಯಾವುದನ್ನು ತುಂಬಿದರೆ ಯಾವುದು ಕಡಿಮೆಯಾಗುತ್ತದೆ ಎಂಬ ಕೋಷ್ಟಕ ಇರುತ್ತದೆ. ಕಂಪೆನಿಯ ತಾಣದಲ್ಲಿ ಆ ಕೈಪಿಡಿ ಉಚಿತ. ಕೊಳ್ಳುವ ಮೊದಲೇ ಓದಬಹುದು. ನಮ್ಮ ಮಕ್ಕಳು ಅನೇಕರು ಓದುವುದಿಲ್ಲ. ನೀವು ಓದಿಸಿ.

ಮನೆಗೆ ಎರಡು ಎಸ್ಎಸ್‌ಡಿ ಸಾಕೆಂದರೆ ಎರಡು ಮೂರು ಜಾಗವಿರುವ ಹಲಗೆ ಸಾಕು. ಬ್ರಾಡ್‌ಬ್ಯಾಂಡ್ ತಂತಿ ಬಾರದ ಹಳ್ಳಿ ಮನೆಯಾದರೆ ವೈಫೈ ಇರುವ ಹಲಗೆಯನ್ನೇ ಆರಿಸಿ, ಮೊಬೈಲಿನ ಇಂಟರ್‌ನೆಟ್ ಹಂಚಿಕೊಳ್ಳಬಹುದು. ಡಬ್ಬದ ಅಳತೆಯೂ ನೋಡಿ. ಎಟಿಎಕ್ಸ್ ಹಲಗೆ 30.5 × 24.4 ಸೆಂಟಿಮೀಟರ್, ಮೈಕ್ರೋ ಎಟಿಎಕ್ಸ್ 24.4 × 24.4. ಚಿಕ್ಕ ಡಬ್ಬಕ್ಕೆ ದೊಡ್ಡ ಹಲಗೆ ಹಿಡಿಯದು.

ಮನೆಯ ಗೋಡೆಯನ್ನೂ ನೋಡಿ

ಮದ್ದೂರಿನಲ್ಲಿರುವ ನನ್ನ ತಂಗಿಯ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಅವಳ ಮಗ ಒಳ್ಳೆಯ ಕಂಪ್ಯೂಟರನ್ನೇ ಜೋಡಿಸಿದ್ದ. ಮೇ ತಿಂಗಳ ಒಂದು ಸಂಜೆ ಗುಡುಗು ಸಿಡಿಲಿನ ಮಳೆ. ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಅದಾದ ಮೇಲೆ ಕಂಪ್ಯೂಟರ್ ಏಳಲಿಲ್ಲ. ಬಿಚ್ಚಿ ನೋಡಿದರೆ ನೆಟ್‌ವರ್ಕ್ ತಂತಿ ಸಿಕ್ಕಿಸುವ ಜಾಗದ ಬಳಿ ಹಲಗೆ ಸುಟ್ಟ ವಾಸನೆ. ವಾರಂಟಿಗೆ ಕಳಿಸಿದರೆ, ಸುಟ್ಟದ್ದಕ್ಕೆ ವಾರಂಟಿ ಅನ್ವಯಿಸದು ಎಂಬ ಉತ್ತರ ಬಂತು. ಷರತ್ತುಗಳಲ್ಲಿ ಹಾಗೆಯೇ ಬರೆದಿತ್ತು, ನಾವು ಓದಿರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ನೋಡಿದಾಗ ಆ ಕೋಣೆಯ ಪ್ಲಗ್ಗಿಗೆ ಮೂರು ತೂತು ಇದ್ದರೂ ಅರ್ಥಿಂಗ್ ತಂತಿಯೇ ಕೊಟ್ಟಿರಲಿಲ್ಲ. ಕಟ್ಟಿದ ದಿನದಿಂದಲೂ!

ಮದರ್‌ಬೋರ್ಡಿಗೆ ಹತ್ತು ಸಾವಿರ ಹೆಚ್ಚು ಕೊಡುವ ಮೊದಲು ಸಾವಿರ ಎರಡು ಸಾವಿರ ಖರ್ಚು ಮಾಡಿ ಆ ಪ್ಲಗ್ಗಿಗೆ ಅರ್ಥಿಂಗ್ ಸರಿಪಡಿಸಿ. ಕಂಪ್ಯೂಟರನ್ನು ಮುಟ್ಟಿದಾಗ ಬೆರಳು ಜುಮ್ಮೆಂದರೆ ಅದು ಅರ್ಥಿಂಗ್ ಇಲ್ಲದ ಗುರುತು. ಗುಡುಗುವಾಗ ಪ್ಲಗ್ ಮಾತ್ರವಲ್ಲ, ಇಂಟರ್‌ನೆಟ್ ತಂತಿಯನ್ನೂ ತೆಗೆಯಿರಿ.

ಯುಪಿಎಸ್ ವಿಷಯದಲ್ಲೂ ಮೋಸಹೋಗಬೇಡಿ. ಸಾಧಾರಣವಾಗಿ ಸಿಗುವ 600 ವಿಎ ಯುಪಿಎಸ್ ಹೊರುವುದು ಸುಮಾರು 360 ವ್ಯಾಟ್. ಗೇಮಿಂಗ್ ಕಂಪ್ಯೂಟರ್ ಆಟದ ನಡುವೆ 450, 500 ವ್ಯಾಟ್ ಎಳೆಯಬಹುದು. ಕರೆಂಟ್ ಹೋದ ಕ್ಷಣಕ್ಕೇ ಆ ಯುಪಿಎಸ್ ಕೈಚೆಲ್ಲುತ್ತದೆ. 1000 ವಿಎಗಿಂತ ಮೇಲಿನದು ಬೇಕು, ಅದರ ಮೇಲೆ ಬರೆದ ವ್ಯಾಟ್ ಓದಿಯೇ ಕೊಳ್ಳಿ.

ಕೊಳ್ಳುವ ದಿನ

ನಮ್ಮ ಕಡೆಯವರು ಇಂಥ ಬಿಡಿಭಾಗಗಳಿಗೆ ಹೆಚ್ಚಾಗಿ ಹೋಗುವುದು ಬೆಂಗಳೂರಿನ ಎಸ್.ಪಿ. ರಸ್ತೆಗೆ, ಅಂದರೆ ಸಾದರ್ ಪತ್ರಪ್ಪ ರಸ್ತೆಗೆ. ಮಂಡ್ಯ, ಮದ್ದೂರಿನವರು ಬೆಳಗಿನ ರೈಲಿಗೆ ಹೋಗಿ ಸಂಜೆಗೆ ಮರಳಬಹುದು. ರೈಲಿಲ್ಲದ ಮಳವಳ್ಳಿಯವರಿಗೆ ಬಸ್ಸೇ ಗತಿ. ಹಾಗಾಗಿ ಎರಡನೇ ಸಲ ಹೋಗುವ ಪ್ರಮೇಯ ಬಾರದಂತೆ ನೋಡಿಕೊಳ್ಳಬೇಕು. ಸಾಧ್ಯವಾದರೆ ನೀವೂ ಜೊತೆಗೆ ಹೋಗಿ. ಅಂಗಡಿಯಲ್ಲಿ ನಾಲ್ಕು ಕೆಲಸ ಮಾಡಿ.

ಒಂದು, ಪೆಟ್ಟಿಗೆಯನ್ನು ಅಲ್ಲಿಯೇ ತೆರೆಸಿ. ಎಎಂ5 ಮತ್ತು ಇಂಟೆಲ್ ಹಲಗೆಗಳ ಸಾಕೆಟ್ಟಿನಲ್ಲಿ ಕೂದಲಿನಂತಹ ಸಾವಿರಕ್ಕೂ ಹೆಚ್ಚು ಪಿನ್ನುಗಳಿರುತ್ತವೆ. ಒಂದು ಬಾಗಿದರೂ ವಾರಂಟಿ ಸಿಗುವುದು ಕಷ್ಟ. ಮುಚ್ಚಳ ತೆಗೆಸಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಬೆರಳು ತಾಗಿಸಬೇಡಿ.

ಎರಡು, ಜಿಎಸ್‌ಟಿ ಸಮೇತ ಬಿಲ್ ಪಡೆಯಿರಿ. ಹಲಗೆಯ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಇರಲಿ. ‘ಬಿಲ್ ಇಲ್ಲದಿದ್ದರೆ ಕಡಿಮೆ’ ಎಂಬ ಮಾತಿಗೆ ಮರುಳಾದರೆ ಉಳಿತಾಯ ಇಂದಿನದು, ನಷ್ಟ ಮುಂದಿನದು.

ಮೂರು, ವಾರಂಟಿ ಎಷ್ಟು ವರ್ಷ, ಕೆಟ್ಟರೆ ಯಾರಿಗೆ ಕೊಡಬೇಕು ಎಂದು ಕೇಳಿ ಬರೆದುಕೊಳ್ಳಿ. ಪೆಟ್ಟಿಗೆ ಎಸೆಯಬೇಡಿ.

ನಾಲ್ಕು, ಹಣ ಸಾಲದೆ ಬಂದರೆ ಕಂತಿನ ಮಾತು ತೆಗೆಯುತ್ತಾರೆ. ಬಡ್ಡಿಯ ಕಂತಿಗೆ ಸಹಿ ಹಾಕುವುದಕ್ಕಿಂತ ಪಟ್ಟಿಯಲ್ಲಿ ಒಂದು ಮೆಟ್ಟಿಲು ಇಳಿಯುವುದು ಮೇಲು. ಹಲಗೆ, ಪ್ರೊಸೆಸರ್ ಈಗ ಕೊಂಡು, ಎರಡನೇ ಎಸ್ಎಸ್‌ಡಿಯನ್ನು ಆರು ತಿಂಗಳ ಮೇಲೆ ಕೊಳ್ಳಬಹುದು.

ದೋಷದ ಸರಕು ಕೊಟ್ಟು ಯಾರೂ ಕಿವಿಗೊಡದಿದ್ದರೆ ಸುಮ್ಮನೆ ಅಳುತ್ತ ಕೂರಬೇಕಾಗಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಬೆಂಗಳೂರಿನಲ್ಲಿ ಕೊಂಡ ವಸ್ತುವಿಗೂ ನೀವು ವಾಸಿಸುವ ಜಿಲ್ಲೆಯಲ್ಲಿಯೇ, ಅಂದರೆ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ, ದೂರು ಕೊಡಬಹುದು.

ಮತ್ತೆ ಆ ಕಾಗದ

ಮಳವಳ್ಳಿಯ ಆ ತಾಯಿ ನಾಲ್ಕು ಪ್ರಶ್ನೆಗಳನ್ನು ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಂಡು ಹೋದರು. ಅಂದು ರಾತ್ರಿ ಮಗನ ಮುಂದಿಟ್ಟರಂತೆ. ಎರಡಕ್ಕೆ ಅವನು ಥಟ್ಟನೆ ಉತ್ತರ ಕೊಟ್ಟ. ಇನ್ನೆರಡಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಮೊದಲು ಸಿಡುಕಿದ. ಊಟ ಬಿಟ್ಟು ಎದ್ದುಹೋದ. ಅವರೂ ಸುಮ್ಮನಿದ್ದರು. ನಡುರಾತ್ರಿ ಹೊಲಿಗೆ ನಿಲ್ಲಿಸಿ ನೋಡಿದರೆ ಮಗ ಮೊಬೈಲಿನಲ್ಲಿ ಕೈಪಿಡಿ ಓದುತ್ತ ಕುಳಿತಿದ್ದನಂತೆ. ಎರಡು ದಿನದ ಮೇಲೆ ಹೊಸ ಪಟ್ಟಿ ಬಂತು. ಹಲಗೆ 18 ಸಾವಿರದ್ದು. ಉಳಿದ 27 ಸಾವಿರದಲ್ಲಿ ಒಳ್ಳೆಯ ಯುಪಿಎಸ್, ಏರಿದ ಮೆಮೊರಿ ಬೆಲೆಯ ವ್ಯತ್ಯಾಸ, ಪ್ಲಗ್ಗಿನ ಅರ್ಥಿಂಗ್. ಆಮೇಲೂ ಒಂದಿಷ್ಟು ಉಳಿದು ತಾಯಿಯ ಕೈಗೇ ವಾಪಸಾಯಿತು.

ಜೋಡಿಸಿದ ರಾತ್ರಿ ನನಗೆ ಫೋನ್ ಬಂತು. ತಾಯಿಯ ದನಿ ನಡುಗುತ್ತಿತ್ತು. “ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪಾಗಿದೆ. ಎಲ್ಲ ಹೋಯಿತಾ?” ನಾನು ಹೇಳಿದೆ, ಆರಿಸಬೇಡಿ, ಕಾಯಿರಿ. ಡಿಡಿಆರ್5 ಮೆಮೊರಿಯ ಹೊಸ ಹಲಗೆ ಮೊದಲ ಸಲ ಏಳುವಾಗ ಮೆಮೊರಿಯನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ. ಅದಕ್ಕೆ ಹಲವು ನಿಮಿಷ ಬೇಕು. ಹಲಗೆಯ ಅಂಚಿನಲ್ಲಿ ಪುಟ್ಟ ದೀಪಗಳಿದ್ದರೆ ಮೆಮೊರಿಯದು ಉರಿಯುತ್ತಿರುತ್ತದೆ. ಗಾಬರಿಯಿಂದ ಆರಿಸಿದರೆ ಮತ್ತೆ ಮೊದಲಿನಿಂದ ಶುರು. ಅವರು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಏಳೆಂಟು ನಿಮಿಷವಾದ ಮೇಲೆ ಆ ಕಡೆಯಿಂದ ಮಗನ ಕೂಗು ಕೇಳಿಸಿತು. “ಅಮ್ಮಿ, ಬಂತು!”

ಮರುದಿನ ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. “ಹಣ ಉಳಿದದ್ದು ಇರಲಿ. ಒಳಗೆ ಏನಿದೆ ಅಂತ ನನ್ನನ್ನು ಪಕ್ಕ ಕೂರಿಸಿಕೊಂಡು ಒಂದೊಂದಾಗಿ ತೋರಿಸಿದ.”

ಸಹೋದರಿಯರೇ, ಮಕ್ಕಳು ಆಟ ಆಡಬೇಕೇ, ಎಷ್ಟು ಹೊತ್ತು ಆಡಬೇಕು ಎಂಬುದು ಪ್ರತಿ ಮನೆಯೂ ಕೂತು ತೀರ್ಮಾನಿಸಬೇಕಾದ ವಿಷಯ. ಅದನ್ನು ಇನ್ನೊಮ್ಮೆ ಮಾತನಾಡೋಣ. ಆದರೆ ಕೊಡಿಸುವುದೆಂದು ನಿರ್ಧರಿಸಿದ ಮೇಲೆ ಕಣ್ಣುಮುಚ್ಚಿ ಹಣ ಎಣಿಸಬೇಡಿ. ಸಾಕೆಟ್ ಯಾವುದು, ಮೆಮೊರಿ ಯಾವುದು, ವಿದ್ಯುತ್ ಇಳಿಸುವ ಶಕ್ತಿ ಎಷ್ಟು, ಜಾಗಗಳ ಹಂಚಿಕೆ ಹೇಗೆ? ಈ ನಾಲ್ಕನ್ನು ಕೇಳಿ. ಉತ್ತರ ಗೊತ್ತಿರುವ ಮಗು ಸಂತೋಷದಿಂದ ಹೇಳುತ್ತದೆ. ಗೊತ್ತಿಲ್ಲದ ಮಗು ಓದಿ ತಿಳಿದುಕೊಂಡು ಬರುತ್ತದೆ. ಎರಡರಲ್ಲೂ ನಿಮಗೆ ಲಾಭವೇ.